ಲೋಕಿರಾಜನ ತಾಡಪತ್ರಿ

ಮುರಿಗೆಪ್ಪನಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ. ಬಯಲಾಟದಲ್ಲಿ ಒಂದು ಸಲ ರಾಜನಾಗಬೇಕು. ಸ್ವಂತ ಮನೆ, ಹೆಂಡತಿಗೆ ಒಡವೆ, ಕೆಲಸದಲ್ಲಿ ಬಡ್ತಿ, ಇವೆಲ್ಲ ಬೇರೆಯವರ ಆಸೆಗಳು. ಅವನಿಗೆ ಕಿರೀಟ ಇಟ್ಟುಕೊಂಡು ಸಿಂಹಾಸನದ ಮೇಲೆ ಕೂರಬೇಕಿತ್ತು, ಅಷ್ಟೆ. ಇಂಥ ಆಸೆಯ ಗಂಡಸನ್ನು ಕಟ್ಟಿಕೊಂಡವಳ ಪಾಡೇನು ಎಂದು ಯಾರೂ ವಿಚಾರಿಸುವುದಿಲ್ಲ. ನಾನು ವಿಚಾರಿಸಿದ್ದೇನೆ. ಅದಕ್ಕೇ ಅವನ ಕಥೆ ಹೇಳುವ ಹಕ್ಕು ನನಗೂ ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ಆಗ ನಾವಿದ್ದದ್ದು ಬೈಕುಲ್ಲಾದ ಒಂದು ಚಾಳಿನಲ್ಲಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಬೆಂಗಳೂರಿನ ಬಸವನಗುಡಿಯಿಂದ ಮದುವೆಯಾಗಿ ಬಂದವಳು. ನಮ್ಮವರು, ರಾಮಸ್ವಾಮಿ, ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತರು. ಹುಡುಗನಿಗೆ ಮುಂಬಯಿಯಲ್ಲಿ ಮನೆಯಿದೆ ಎಂದು ನಮ್ಮ ತಂದೆ ಊರೆಲ್ಲ ಹೇಳಿಕೊಂಡು ಬಂದಿದ್ದರು. ಬಂದು ನೋಡಿದರೆ ಎರಡನೇ ಮಾಳಿಗೆಯಲ್ಲಿ ಒಂದೇ ಒಂದು ಖೋಲಿ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ, ಕೆಳಗೆ ಅಂಗಳದಲ್ಲಿ ಇಡೀ ಚಾಳಿಗೆ ಒಂದು ನಳ. ಸುತ್ತ ಇದ್ದವರು ಹೆಚ್ಚಾಗಿ ವಿಜಾಪುರ, ಬೆಳಗಾವಿ ಕಡೆಯವರು. ಗಿರಣಿಯಲ್ಲಿ, ಮಾರ್ಕೆಟ್ಟಿನಲ್ಲಿ ದುಡಿಯುವವರು. ಅವರ ಕನ್ನಡ ನನಗೆ ಹಿಡಿತಕ್ಕೆ ಬರಲು ಒಂದು ಮಳೆಗಾಲ ಬೇಕಾಯಿತು. ನನ್ನ ಕನ್ನಡ ಅವರಿಗೆ ತಿಳಿಯುತ್ತಿತ್ತು, ಆದರೆ ನಾನು ಬಾಯಿ ತೆರೆದರೆ ಸಾಕು, ಪುರಾಣ ಓದುತ್ತಿದ್ದೇನೆ ಎಂಬಂತೆ ಕೈಕಟ್ಟಿ ನಿಲ್ಲುತ್ತಿದ್ದರು.

ಮುರಿಗೆಪ್ಪನ ಖೋಲಿ ಸರಿಯಾಗಿ ನಮ್ಮ ತಲೆಯ ಮೇಲೆ, ಮೂರನೇ ಮಾಳಿಗೆಯಲ್ಲಿ, ಹಂಚಿನ ಸೂರಿನಡಿ. ವಿಜಾಪುರದ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ಮುಂಚೆಯೇ ಬಂದವನು. ಬಡಕಲು ಮೈ, ಉದ್ದ ಮೂಗು, ಯಾವಾಗಲೂ ಮೇಲಕ್ಕೇ ಎದ್ದು ನಿಂತ ಒಂದು ಹುಬ್ಬು. ಕೆಲಸ ತಾಡಪತ್ರಿ ಹೊಲಿಯುವುದು. ಮಜಗಾಂವ್ ಡಾಕಿನ ಹತ್ತಿರ ಒಂದು ಕಾರ್ಖಾನೆಯಲ್ಲಿ, ಹಡಗು ಲಾರಿಗಳ ಸರಕಿನ ಮೇಲೆ ಹೊದಿಸುವ ದಪ್ಪ ಬಟ್ಟೆಗೆ ಗೇಣುದ್ದದ ಸೂಜಿಯಿಂದ ಹೊಲಿಗೆ ಹಾಕುತ್ತಿದ್ದ. ತಾನು ಹೊಲಿದ ತಾಡಪತ್ರಿಯ ಕೆಳಗೆ ಸಕ್ಕರೆ ಇಟ್ಟು ಏಳು ಸಮುದ್ರ ದಾಟಿದರೂ ಒಂದು ಹರಳು ಕರಗುವುದಿಲ್ಲ ಎಂದು ಹೇಳುತ್ತಿದ್ದ. ಅದು ಸುಳ್ಳಲ್ಲ. ಅವನು ಹೇಳುತ್ತಿದ್ದುದರಲ್ಲಿ ಸುಳ್ಳಲ್ಲದ್ದು ಅದೊಂದೇ ಇರಬೇಕು.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ ಅವನ ಖೋಲಿಯೇ ಸೋರುತ್ತಿತ್ತು. ಮಳೆ ಹಿಡಿಯಿತೆಂದರೆ ಹಾಸಿಗೆ ಸುತ್ತಿಡುವ ಮೂಲೆಗೇ ನೀರು ತೊಟ್ಟಿಕ್ಕುತ್ತಿತ್ತು. ಅವನ ಹೆಂಡತಿ ನಾಗವ್ವ ಅಲ್ಲೊಂದು ಹಿತ್ತಾಳೆಯ ಬೋಗುಣಿ ಇಡುತ್ತಿದ್ದಳು. ರೊಟ್ಟಿಯ ಹಿಟ್ಟು ನಾದಿಕೊಳ್ಳಲಿ ಎಂದು ತವರಿನವರು ಕೊಟ್ಟ ಬೋಗುಣಿ ಅದು. ಮಳೆಗಾಲ ಮುಗಿಯುವವರೆಗೆ ಅದು ಹಿಟ್ಟು ಕಾಣುತ್ತಿರಲಿಲ್ಲ. ನಾಗವ್ವ ತಾಟಿನಲ್ಲಿ ಹೇಗೋ ನಾದಿಕೊಳ್ಳುತ್ತಿದ್ದಳು, ಅರ್ಧ ಹಿಟ್ಟು ನೆಲಕ್ಕೆ ಹೋಗುತ್ತಿತ್ತು. ಬೋಗುಣಿ ತುಂಬುತ್ತ ಬಂದ ಹಾಗೆ ಹನಿಯ ಸದ್ದು ಬದಲಾಗುತ್ತಿತ್ತು. ಕೆಳಗೆ ಕುಳಿತ ನನಗೇ ಅದು ತಿಳಿಯುತ್ತಿತ್ತು, ಈಗ ನಾಗವ್ವ ಏಳುತ್ತಾಳೆ, ಈಗ ಚೆಲ್ಲಿ ಬರುತ್ತಾಳೆ ಎಂದು.

ಸೂರಿನ ಮೇಲೊಂದು ತಾಡಪತ್ರಿ ಹಾಸಯ್ಯ ಎಂದು ನಮ್ಮವರು ಅವನಿಗೆ ಎಷ್ಟೋ ಸಲ ಹೇಳಿದ್ದರು. ಮುರಿಗೆಪ್ಪನ ಹತ್ತಿರ ಅದಕ್ಕೆಲ್ಲ ಉತ್ತರವಿತ್ತು. ಮೇಲೆ ಹತ್ತಿದರೆ ಹಂಚು ಒಡೆದನೆಂದು ಮಾಲಕನ ಕಡೆಯವರು ಬರುತ್ತಾರೆ. ಇವತ್ತು ಇಲ್ಲಿ ಮುಚ್ಚಿದರೆ ನಾಳೆ ಅಲ್ಲಿ ಸೋರುತ್ತದೆ. ಮಳೆ ಹೇಗೂ ದಸರೆಗೆ ಹೋಗುವ ನೆಂಟ, ಅದರ ಜೊತೆ ಏನು ಜಗಳ. ಕೊನೆಗೆ ಒಂದು ದಿನ, ಉಳಿದವರು ನೀರಿಗೆ ಕೆಳಗಿಳಿದು ಪಾಳಿ ನಿಲ್ಲಬೇಕು, ನಮ್ಮ ನಾಗವ್ವನಿಗೆ ಗಂಗೆ ಮನೆಯೊಳಗೇ ಬರುತ್ತಾಳೆ ಎಂದುಬಿಟ್ಟ. ಗ್ಯಾಲರಿಯಲ್ಲಿದ್ದವರೆಲ್ಲ ನಕ್ಕರು. ನಾಗವ್ವ ನಕ್ಕಳೋ ಇಲ್ಲವೋ, ಸೆರಗು ಅಡ್ಡವಿತ್ತು. ನನಗಂತೂ ಮೈ ಉರಿಯಿತು.

ಇನ್ನು ಆಟದ ವಿಷಯ. ಗಣಪತಿ ಹಬ್ಬದಲ್ಲಿ ನಮ್ಮ ಚಾಳಿನವರು ಅಂಗಳದಲ್ಲಿ ಒಂದು ಬಯಲಾಟ ಆಡುತ್ತಿದ್ದರು. ಊರಿನಲ್ಲಾದರೆ ರಾತ್ರಿಯೆಲ್ಲ ಕುಣಿದು ಸೂರ್ಯ ಹುಟ್ಟಿದ ಮೇಲೆ ಮಂಗಳ ಹಾಡುವ ಆಟ. ಇಲ್ಲಿ ಗಿರಣಿಯ ಪಾಳಿಗೆ ಹೆದರಿ ಭಾನುವಾರ ಊಟವಾದ ಮೇಲೆ ಹಿಡಿದು ದೀಪ ಹಚ್ಚುವ ಹೊತ್ತಿಗೆ ರಾಕ್ಷಸರನ್ನೆಲ್ಲ ಕೊಂದು ಮುಗಿಸುತ್ತಿದ್ದರು. ಆಟ ನೋಡದವರಿಗೆ ಒಂದು ಪದ್ಧತಿ ಹೇಳಬೇಕು. ರಾಜ ಬರುವಾಗ ಮೊದಲು ಇಬ್ಬರು ಪರದೆ ಹಿಡಿಯುತ್ತಾರೆ. ಪರದೆ ಇಳಿದ ಮೇಲೂ ರಾಜ ತಾನಾಗಿ ಬಾಯಿ ಬಿಡುವ ಹಾಗಿಲ್ಲ. ಸಾರಥಿ ಎಂದು ಒಬ್ಬನಿರುತ್ತಾನೆ. ಅವನು ಮುಂದೆ ಬಂದು, ತಾವು ಯಾರು, ತಮ್ಮ ನಾಮವೇನು, ಯಾವ ಪಟ್ಟಣಕ್ಕೆ ದೊರೆ ಎಂದು ಕೇಳಬೇಕು. ಕೇಳಿದ ಮೇಲೆಯೇ ರಾಜ ಮೀಸೆ ತಿರುವಿ ತನ್ನ ಹೆಸರು ಹೇಳುವುದು. ಅಲ್ಲಿಯವರೆಗೆ ಅವನು ಕಿರೀಟ ಇಟ್ಟುಕೊಂಡ ಯಾವನೋ ಒಬ್ಬ.

ನಮ್ಮ ಆಟಕ್ಕೆ ರಾಜ ಯಾವಾಗಲೂ ಪರಪ್ಪ. ಗಿರಣಿಯಲ್ಲಿ ಜಾಬರ್, ಹತ್ತಾರು ಜನರ ಮೇಲೆ ಅಧಿಕಾರ ನಡೆಸುವವನು, ಚಾಳಿನ ಪಂಚನೂ ಅವನೇ. ಎತ್ತರದ ಮೈಕಟ್ಟು, ಪಾಳಿಗೆ ಕೂಗುವ ಗಿರಣಿಯ ಭೋಂಗಾ ಕೆಟ್ಟರೆ ಬದಲಿಗೆ ನಿಲ್ಲಿಸಬಹುದಾದ ಗಂಟಲು. ಕಿರೀಟ ಭುಜಕೀರ್ತಿಗಳು ಅವನ ಮನೆತನದವು, ಟ್ರಂಕಿನಲ್ಲಿ ಇರುತ್ತಿದ್ದವು. ಮುರಿಗೆಪ್ಪ ಯಾವಾಗಲೂ ಸಾರಥಿ. ಅವನು ಕೇಳುವುದು, ಪರಪ್ಪ ಹೇಳುವುದು; ಹತ್ತು ಹನ್ನೆರಡು ವರ್ಷದಿಂದ ನಡೆದುಬಂದದ್ದು. ಆಟ ಮುಗಿದ ಮೇಲೆ ಎಲ್ಲರೂ ಮುರಿಗೆಪ್ಪನ ಮಾತಿಗೇ ಹೊಟ್ಟೆ ಹಿಡಿದು ನಕ್ಕದ್ದನ್ನು ಹೇಳುತ್ತಿದ್ದರು, ಆದರೆ ಆರತಿ ಎತ್ತುತ್ತಿದ್ದುದು ಪರಪ್ಪನಿಗೆ. ಮುರಿಗೆಪ್ಪ ಆರತಿಯ ತಟ್ಟೆಯನ್ನೇ ನೋಡುತ್ತ ಪಕ್ಕದಲ್ಲಿ ನಿಂತಿರುತ್ತಿದ್ದ. ಆಗ ಮಾತ್ರ ಅವನನ್ನು ಕಂಡರೆ ನನಗೆ ಪಾಪ ಅನ್ನಿಸುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ನಾರ್ವೆ ದೇಶದ ಒಂದು ಹಡಗು ಯಂತ್ರ ಕೆಟ್ಟು ಡಾಕಿನಲ್ಲಿ ನಿಂತಿತು. ಅದರ ಒಬ್ಬ ಮುದುಕ ಖಲಾಸಿ ತಾಡಪತ್ರಿ ಹೊಲಿಸಲು ಕಾರ್ಖಾನೆಗೆ ಬಂದವನು, ಮಾಡಲು ಬೇರೆ ಕೆಲಸವಿಲ್ಲದೆ ದಿನವೂ ಬರತೊಡಗಿದ. ಅವನ ಹೆಸರು ಓಲೆ ಎಂದೇನೋ ಇತ್ತು. ಮುರಿಗೆಪ್ಪ ಅದಕ್ಕೆ ಒಂದು 'ಅಪ್ಪ' ಸೇರಿಸಿ ಓಲೆಪ್ಪ ಮಾಡಿಕೊಂಡ. ಓಲೆಪ್ಪನ ಹರಕು ಹಿಂದಿ, ಮುರಿಗೆಪ್ಪನ ಮುರುಕು ಇಂಗ್ಲಿಷು. ಎರಡೂ ಸೇರಿ ಏನಾಯಿತೋ, ನಾರ್ವೆಯ ಹಳೆಯ ದೇವತೆಗಳೆಲ್ಲ ಆ ಬೇಸಿಗೆಯಲ್ಲಿ ನಮ್ಮ ಗ್ಯಾಲರಿಗೆ ಬಂದು ಇಳಿದರು. ಅವರಲ್ಲಿ ಮುರಿಗೆಪ್ಪನಿಗೆ ಬೇಕಾದವನು ಒಬ್ಬನೇ. ಲೋಕಿ.

ಈ ಲೋಕಿ ದೇವತೆಗಳ ನಡುವೆ ಇರುವ ಕಿಲಾಡಿ. ಬೇಕಾದ ರೂಪ ತಾಳುತ್ತಾನೆ, ನೊಣವಾಗುತ್ತಾನೆ, ಮೀನಾಗುತ್ತಾನೆ. ಒಮ್ಮೆ ಹೆಣ್ಣು ಕುದುರೆಯಾಗಿ ಹೋಗಿ ಎಂಟು ಕಾಲಿನ ಮರಿಯನ್ನೇ ಹೆತ್ತು ಬಂದನಂತೆ. ಇದನ್ನು ಕೇಳಿ ಪರಪ್ಪ ಎಲೆ ಅಡಿಕೆ ಉಗುಳಿ ಎದ್ದೇ ಹೋದ. ಗುಡುಗಿನ ದೇವರ ಹೆಂಡತಿ ಮಲಗಿದ್ದಾಗ ಸುಮ್ಮನೆ ಚೇಷ್ಟೆಗೆ ಅವಳ ಕೂದಲೆಲ್ಲ ಕತ್ತರಿಸಿದ. ಗಂಡ ಎಲುಬು ಮುರಿಯಲು ಬಂದಾಗ ಪಾತಾಳದ ಕುಳ್ಳ ಅಕ್ಕಸಾಲಿಗರ ಹತ್ತಿರ ಓಡಿ ಚಿನ್ನದ ಕೂದಲು ಮಾಡಿಸಿಕೊಂಡು ಬಂದ. ಇನ್ನೊಮ್ಮೆ ತಲೆಯನ್ನೇ ಪಣವಿಟ್ಟು ಸೋತು, ತಲೆ ನಿಮ್ಮದು, ಕುತ್ತಿಗೆ ಪಣದಲ್ಲಿ ಇರಲಿಲ್ಲ, ಕುತ್ತಿಗೆ ಮುಟ್ಟದೆ ತಲೆ ತೆಗೆದುಕೊಳ್ಳಿ ಎಂದ. ದೇವತೆಗಳಿಗೆ ಹೆದರಿ ಅಡಗಿ ಕುಳಿತಾಗ, ನನ್ನನ್ನು ಹೇಗೆ ಹಿಡಿದಾರು ಎಂದು ಯೋಚಿಸುತ್ತ ಜಗತ್ತಿನ ಮೊದಲ ಬಲೆ ಹೆಣೆದವನೂ ಅವನೇ. ಕೊನೆಗೆ ಸಿಕ್ಕಿಬಿದ್ದದ್ದೂ ಅಂಥದೇ ಬಲೆಗೆ.

ಇವನು ನಮ್ಮ ನಾರದನೇ ಅಲ್ಲವೇ ಎಂದು ನಮ್ಮವರು ಕೇಳಿದರು. ಮುರಿಗೆಪ್ಪ ಒಪ್ಪಲಿಲ್ಲ.

"ಇಲ್ರೀ ರಾಯರ. ನಾರದ ಜಗಳಾ ಹಚ್ಚಿ ತನ್ನ ಪಾಡಿಗೆ ತಾ ಹೊಕ್ಕಾನ. ಇಂವಾ ಹಂಗಲ್ಲ. ತಾನ ಕೆಡಸ್ತಾನ, ತಾನ ನೆಟ್ಟಗ ಮಾಡಾಕ ಓಡ್ಯಾಡತಾನ."

ಆ ಮಾತನ್ನು ನಾನು ನೆನಪಿಟ್ಟುಕೊಂಡೆ. ಅವನು ಮರೆತಿರಬೇಕು.

ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ಇಂಥವನ ಕೈಗೆ ರಾಜ್ಯ ಕೊಟ್ಟರೆ ಹೇಗೆ ಆಳಿಯಾನು ಎಂಬಲ್ಲಿಗೆ ಬಂದು ನಿಂತಿತು. ಮುರಿಗೆಪ್ಪನಿಗೆ ಅದೇ ಬೇಕಿತ್ತು. ಸಂಜೆ ಸಂಜೆಗೆ ಒಂದೊಂದು ಕಾನೂನು ಹೊರಬಿತ್ತು. ಲೋಕಿಯ ರಾಜ್ಯದಲ್ಲಿ ಪ್ರತಿ ಅಮಾವಾಸ್ಯೆಗೆ ಪೊಲೀಸರೂ ಕಳ್ಳರೂ ಕೆಲಸ ಅದಲುಬದಲು ಮಾಡಿಕೊಳ್ಳಬೇಕು. ನಿಮ್ಮ ಬೀಗದ ಕೈ ಪಕ್ಕದ ಮನೆಯವರ ಹತ್ತಿರ, ಅವರದು ನಿಮ್ಮ ಹತ್ತಿರ. ಜಗಳವಾಡಿದರೆ ಇಬ್ಬರೂ ಹೊರಗೆ. ವರ್ಷಕ್ಕೊಂದು ದಿನ ಅತ್ತೆ ಸೊಸೆಯಾಗಬೇಕು, ಜಾಬರ್ ನೂಲು ಗಂಟು ಹಾಕುವವನಾಗಬೇಕು. ದಿನವೂ ಬೆಳಿಗ್ಗೆ ಡಂಗುರದವನು ಬಂದು ನಿನ್ನೆ ರಾಜರು ಆಡಿದ ಸುಳ್ಳು ಇಂತಿಂಥವು ಎಂದು ಸಾರಬೇಕು, ಉಳಿದದ್ದನ್ನು ಪ್ರಜೆಗಳು ನಂಬಬಹುದು. ಈ ಕೊನೆಯ ಕಾನೂನನ್ನು ದಿಲ್ಲಿಗೂ ಬರೆದು ಕಳಿಸಬೇಕು ಎಂದು ನಮ್ಮವರು ನಗುತ್ತಿದ್ದರು.

ನಳದ ಕಾನೂನು ಮಾತ್ರ ನಗುವಿನಲ್ಲಿ ಮುಗಿಯಲಿಲ್ಲ. ಪಾಳಿಯಲ್ಲಿ ಯಾರು ಎಲ್ಲರಿಗಿಂತ ಹಿಂದೆ ಇರುತ್ತಾರೋ ಅವರಿಗೆ ಮೊದಲು ನೀರು. ಹಾಗಾದರೆ ನೂಕುನುಗ್ಗಲೇ ಇರುವುದಿಲ್ಲ, ಬೇಕಾದರೆ ನಾಳೆಯೇ ನೋಡಿ ಎಂದ. ಹೆಂಗಸರು ಒಪ್ಪಿಬಿಟ್ಟರು. ಮರುದಿನ ಬೆಳಿಗ್ಗೆ ನಮ್ಮ ಚಾಳಿನಲ್ಲಿ ಹಿಂದೆಂದೂ ಕಾಣದ ಮರ್ಯಾದೆ ಕಂಡಿತು. ನೀವು ಮುಂದೆ ಹೋಗ್ರಿ, ಛೇ ಛೇ ನೀವ ಹೋಗ್ರಿ ಎನ್ನುತ್ತ ಎಲ್ಲರೂ ಹಿಂದೆ ಹಿಂದೆ ಸರಿದರು. ಪಾಳಿಯ ಬಾಲ ಅಂಗಳ ದಾಟಿ, ಗೇಟು ದಾಟಿ, ರಸ್ತೆಯ ಇರಾನಿ ಹೋಟೆಲಿನ ಬಾಗಿಲವರೆಗೆ ಹೋಯಿತು. ಇತ್ತ ನಳ ಯಾರೂ ಇಲ್ಲದೆ ತನ್ನಷ್ಟಕ್ಕೆ ಸುರಿಯುತ್ತಿತ್ತು. ನಾನೂ ಕೊಡ ಹಿಡಿದು ಇರಾನಿಯ ಗಲ್ಲಾದ ಎದುರು ನಿಂತಿದ್ದೆ ಎಂದು ಹೇಳಲು ಈಗ ನಾಚಿಕೆಯೇನಿಲ್ಲ.

ನೀರು ನಿಲ್ಲುವ ಮುಂಚೆ ಕೊಡ ತುಂಬಿಕೊಂಡವಳು ನಾಗವ್ವ ಒಬ್ಬಳೇ. ಆ ಕಾನೂನು ಯಾರ ತಲೆಯಿಂದ ಬಂದದ್ದು ಎಂದು ಗೊತ್ತಿದ್ದರಿಂದ ಅವಳು ಪಾಳಿಗೇ ಬಂದಿರಲಿಲ್ಲ. ಸುಮ್ಮನೆ ನಳದ ಬುಡಕ್ಕೆ ಹೋಗಿ, ತನ್ನ ಮನೆಯ ಪಾತ್ರೆಗಳೂ ಸಾಲದೆ ಗಣಪತಿ ಮಂಡಳಿಯ ಹಂಡೆಗಳನ್ನೂ ತಂದು ತುಂಬಿಸಿದ್ದಳು. ಆಮೇಲೆ ಮನೆಮನೆಗೆ ಒಂದೊಂದು ಕೊಡ ಹಂಚಿದಳು. ಮೂರು ಮಾಳಿಗೆ ಹತ್ತಿ ಇಳಿದು ಅವಳ ಕಾಲು ಬಾತುಕೊಂಡಿತು. ಮುರಿಗೆಪ್ಪ ಅಷ್ಟು ಹೊತ್ತಿಗೆ ಕೆಲಸಕ್ಕೆ ಹೋಗಿ ಪಾರಾಗಿದ್ದ.

ಅದೇ ದಿನ ಸಂಜೆ ಗ್ಯಾಲರಿಯಲ್ಲಿ ನಾಗವ್ವ ಮೊದಲ ಸಲ ಲೋಕಿಯ ಬಗ್ಗೆ ಒಂದು ಪ್ರಶ್ನೆ ಕೇಳಿದಳು. ಗಂಡನನ್ನು ನೇರ ಕೇಳಲಿಲ್ಲ. ನನ್ನ ಕಡೆ ತಿರುಗಿ, ಆ ಲೋಕಿಗೆ ಹೆಂಡತಿ ಇದ್ದಳೇನು ಕೇಳಿ ನೋಡಿ ಅಕ್ಕಾರ ಎಂದಳು. ಮುರಿಗೆಪ್ಪ ತಲೆ ಕೆರೆದುಕೊಂಡ. ಇದ್ದಳು. ದೇವತೆಗಳು ಕೊನೆಗೆ ಲೋಕಿಯನ್ನು ಬಂಡೆಗೆ ಕಟ್ಟಿಹಾಕಿ, ತಲೆಯ ಮೇಲೆ ಒಂದು ಹಾವು ತೂಗುಬಿಟ್ಟರಂತೆ. ಹಾವಿನ ವಿಷ ಹನಿಹನಿಯಾಗಿ ಬೀಳುತ್ತದೆ. ಹೆಂಡತಿ ಪಕ್ಕದಲ್ಲಿ ನಿಂತು ಒಂದು ಬಟ್ಟಲು ಹಿಡಿದಿರುತ್ತಾಳೆ. ಬಟ್ಟಲು ತುಂಬಿ ಚೆಲ್ಲಲು ಹೋದಾಗ ಹನಿ ಅವನ ಮುಖಕ್ಕೆ ಬೀಳುತ್ತದೆ, ಅವನು ಒದ್ದಾಡುತ್ತಾನೆ, ಭೂಮಿ ನಡುಗುತ್ತದೆ. ಹೆಂಡತಿಯ ಹೆಸರು ಓಲೆಪ್ಪ ಹೇಳಿದ್ದ, ಮುರಿಗೆಪ್ಪನಿಗೆ ಮರೆತುಹೋಗಿತ್ತು.

ಲೋಕಿಯ ಎಲ್ಲ ಚೇಷ್ಟೆಯೂ ನೆನಪಿದ್ದು ಅವಳ ಹೆಸರು ಮಾತ್ರ ಮರೆತವನನ್ನು ನಾನು ದುರುಗುಟ್ಟಿ ನೋಡಿದೆ. ನಾಗವ್ವ ಎದ್ದಳು. ಒಳಗೆ ಹೋಗಿ ಕಾಲಿಗೆ ಎಣ್ಣೆ ತಿಕ್ಕಿಕೊಂಡಳು.

ಆಷಾಢ ಕಳೆಯುವ ಹೊತ್ತಿಗೆ ಮುರಿಗೆಪ್ಪ ಒಂದು ಹೊಸ ಆಟವನ್ನೇ ಕಟ್ಟಿದ್ದ. ಲೋಕಿರಾಜನ ರಾಜ್ಯಭಾರ. ಲೋಕಿಯ ವೇಷ ಬೇರೆ ಯಾರಿಗೂ ಒಗ್ಗುವುದಿಲ್ಲ, ತನಗೇ ಬೇಕು. ಆದರೆ ಕಿರೀಟ ಇದ್ದದ್ದು ಪರಪ್ಪನ ಟ್ರಂಕಿನಲ್ಲಿ, ಪರಪ್ಪನ ಮಂಡೆಯೊಳಗೆ ರಾಜ ಎಂದರೆ ತಾನು ಎಂದು ಗಟ್ಟಿಯಾಗಿ ಕೂತಿತ್ತು. ಅವನ ಬಾಗಿಲಿಗೆ ಮುರಿಗೆಪ್ಪ ಎಡತಾಕಿದ್ದನ್ನು ನಾನು ಗ್ಯಾಲರಿಯಿಂದ ನೋಡಿದ್ದೇನೆ. ಒಂದು ದಿನ ಬೇಡಿಕೊಂಡ, ಒಂದು ದಿನ ಹೊಗಳಿದ. ಎರಡಕ್ಕೂ ಪರಪ್ಪ ಜಗ್ಗಲಿಲ್ಲ. ಆಮೇಲೆ ಮುರಿಗೆಪ್ಪ ಲೋಕಿಯ ದಾರಿ ಹಿಡಿದ.

"ಪರಪ್ಪಣ್ಣಾ, ನಿನಗ ದೊಡ್ಡ ಪಾರ್ಟು ಕೊಡಾಕತ್ತೇನಿ, ತಿಳಕೋ. ಸಾರಥಿ ಕೇಳೂತನಾ ರಾಜಾ ಬಾಯಿ ತೆರಿಯಂಗಿಲ್ಲ. ನೀ ಕೇಳಿದ್ರ ನಾ ರಾಜಾ. ನೀ ಕೇಳಲಿಲ್ಲಂದ್ರ ನಾ ಯಾರೂ ಅಲ್ಲ. ಹಂಗಾರ ಖರೇ ರಾಜಾ ಯಾರಾದ್ರು?"

ಪರಪ್ಪ ಇಡೀ ದಿನ ಇದನ್ನು ಮೆಲುಕು ಹಾಕಿದ. ಇಷ್ಟು ವರ್ಷ ಖರೇ ರಾಜನ ಪಾತ್ರವನ್ನು ಈ ಬಡಕಲ ತನಗೆ ತಿಳಿಯದ ಹಾಗೆ ಹೊಡೆದುಕೊಂಡಿದ್ದನಲ್ಲ ಎಂದು ಅವನಿಗೆ ಸಿಟ್ಟೂ ಬಂದಿರಬೇಕು. ಮರುದಿನ ಟ್ರಂಕು ತೆರೆದು ಕಿರೀಟ ಕೊಟ್ಟ. ಸಾರಥಿಯ ಮಾತು ಕಲಿಸಿಕೊಡಲೇ ಎಂದು ಮುರಿಗೆಪ್ಪ ಕೇಳಿದರೆ, ಇಷ್ಟು ವರ್ಷ ಎದುರಿಗೆ ನಿಂತು ಕೇಳಿದ್ದೇನೆ, ನನಗೇನು ಕಲಿಸುತ್ತೀ ಎಂದು ಗದರಿಸಿದ.

ಕಿರೀಟ ಕೈಗೆ ಬಂದ ದಿನದಿಂದ ಮುರಿಗೆಪ್ಪನ ಕಾಲು ನೆಲದ ಮೇಲಿರಲಿಲ್ಲ. ಕಾರ್ಖಾನೆಯ ಮಾಲೀಕರನ್ನು ಕಾಡಿ, ಹಡಗಿನಿಂದ ಹಳತಾಗಿ ಬಂದ ಒಂದು ತಾಡಪತ್ರಿಯನ್ನು ತನ್ನದೇ ಎಂದು ಕೊಡಿಸಿಕೊಂಡ. ಸಂಜೆ ಸಂಜೆ ಗ್ಯಾಲರಿಯಲ್ಲಿ ಹರಡಿಕೊಂಡು ತೇಪೆ ಹಾಕಿದ, ಅಂಚಿಗೆ ಹಗ್ಗ ಕೂಡಿಸಿ ಹೊಲಿದ, ಡಾಂಬರಿನ ಎಣ್ಣೆ ಬಳಿದ. ಹೊರಗೆ ಶ್ರಾವಣದ ಮಳೆ. ಒಳಗೆ ಟಣ್ ಟಣ್ ಎಂದು ಬೋಗುಣಿ. ಪಾಪ, ಕೊನೆಗೂ ಹೆಂಡತಿಯ ಮೇಲೆ ಕನಿಕರ ಬಂತು ಎಂದು ನಾನು ನಮ್ಮವರಿಗೆ ಹೇಳಿದೆ. ನಾಗವ್ವನೂ ಹಾಗೇ ತಿಳಿದಿದ್ದಳು. ಒಂದು ದಿನ ಅವನಿಗೆ ಎರಡು ಸಲ ಚಹಾ ಮಾಡಿಕೊಟ್ಟದ್ದನ್ನು ನೋಡಿದೆ. ಹಬ್ಬದ ಹಿಂದಿನ ದಿನ ಅವನು ಆ ತಾಡಪತ್ರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಮೇಲಕ್ಕೆ ಹೋಗಲಿಲ್ಲ, ಕೆಳಕ್ಕೆ ಇಳಿದ. ಅಂಗಳದಲ್ಲಿ ನಾಲ್ಕು ಗಳು ನೆಟ್ಟು ಸಿಂಹಾಸನದ ಮೇಲೆ ಕಟ್ಟಿದ. ಗ್ಯಾಲರಿಯ ಕಟಕಟೆ ಹಿಡಿದು ನಾಗವ್ವ ಅದನ್ನೇ ನೋಡುತ್ತಿದ್ದಳು. ಆ ಹೊತ್ತು ನನಗೆ ಅವನನ್ನು ಕಿರೀಟದ ಸಮೇತ ನಳದ ಕೆಳಗೆ ಕೂರಿಸಬೇಕು ಅನ್ನಿಸಿತು.

ಆಟದ ಭಾನುವಾರ ಚಾಳು ತುಂಬಿ ತುಳುಕಿತು. ಅಂಗಳದಲ್ಲಿ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು; ಮೂರೂ ಗ್ಯಾಲರಿಯಲ್ಲಿ ಉಳಿದವರು. ಮೋಡ ಕವಿದಿತ್ತು, ಮಳೆ ಇನ್ನೂ ಬಿದ್ದಿರಲಿಲ್ಲ. ಗಣಪತಿಯ ಪದ ಮುಗಿಯಿತು, ಮದ್ದಲೆ ಗುಡುಗಿತು, ಪರದೆ ಇಳಿಯಿತು. ಸಿಂಹಾಸನದ ಮುಂದೆ ಮುರಿಗೆಪ್ಪ ನಿಂತಿದ್ದ. ಮುಖಕ್ಕೆ ಅರದಾಳ, ಹಣೆಗೆ ಉದ್ದ ನಾಮ, ಅವನ ತಲೆಗೆ ದೊಡ್ಡದಾದ ಕಿರೀಟ ಕಿವಿಯ ಮೇಲೆ ನಿಂತಿತ್ತು. ಅವನ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು. ಸಿಟ್ಟೆಲ್ಲ ಒಂದು ಗಳಿಗೆ ಮರೆತೆ.

ಸಾರಥಿಯ ಪೇಟ ಸುತ್ತಿಕೊಂಡ ಪರಪ್ಪ ಮುಂದೆ ಬಂದ. ಎದೆ ಉಬ್ಬಿಸಿ, ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದು ಕೈ ಮೀಸೆಗೆ ಕೊಟ್ಟು ನಿಂತ.

ನಿಂತೇ ನಿಂತ.

ಮದ್ದಲೆಯವನು ಇನ್ನೊಂದು ಸುತ್ತು ಬಾರಿಸಿದ. ಪರಪ್ಪ ಕತ್ತು ಇನ್ನಷ್ಟು ಎತ್ತಿದ. ಆಗ ನನಗೆ ಹೊಳೆಯಿತು. ಅಷ್ಟು ವರ್ಷ ರಾಜನಾಗಿ ನಿಂತ ಮೈ ಅದು, ಯಾರಾದರೂ ಬಂದು ತಾವು ಯಾರು ಎಂದು ಕೇಳಲಿ ಎಂದು ಕಾಯುತ್ತಿತ್ತು. ಎದುರಿಗೆ ಮುರಿಗೆಪ್ಪನ ತುಟಿ ಅದುರುತ್ತಿತ್ತು. ಅವನ ನಾಲಿಗೆಯ ತುದಿಯಲ್ಲಿ ಅದೇ ಪ್ರಶ್ನೆ ಬಂದು ನಿಂತಿತ್ತು, ರೂಢಿ ಅಲ್ಲವೇ. ಕೇಳಿದರೆ ಪರಪ್ಪ ಗುಡುಗಿನಂತೆ ಉತ್ತರ ಕೊಡುತ್ತಾನೆ. ಪರಪ್ಪ ರಾಜ, ತಾನು ಮತ್ತೆ ಸಾರಥಿ. ಕೇಳದಿದ್ದರೆ ತಾನು ಯಾರೂ ಅಲ್ಲ. ಬಲೆ ಹೆಣೆದವನು ಅವನೇ, ಗಂಟು ಬಿಚ್ಚುವ ದಾರಿ ಅವನಿಗೂ ಗೊತ್ತಿರಲಿಲ್ಲ.

ಗ್ಯಾಲರಿಯಿಂದ ಒಂದು ಸೀಟಿ ಬಂತು. ಯಾರೋ ಮರಾಠಿಯಲ್ಲಿ, ರಾಜರು ಇಬ್ಬರಿದ್ದಾರೆ, ಕೆಲಸದವರು ಯಾರೂ ಇಲ್ಲ ಎಂದು ಕೂಗಿದರು. ಅಷ್ಟರಲ್ಲಿ ಮಳೆ ಬಂತು. ದಪ್ಪ ದಪ್ಪ ಹನಿ. ಸಿಂಹಾಸನದ ಮೇಲಿನ ತಾಡಪತ್ರಿ ಒಂದು ತೊಟ್ಟೂ ಒಳಗೆ ಬಿಡಲಿಲ್ಲ. ಅಷ್ಟು ಒಳ್ಳೆಯ ಕೆಲಸ. ನನ್ನ ಪಕ್ಕದಲ್ಲಿ ಕೂತಿದ್ದ ನಾಗವ್ವ ಸೆರಗು ತಲೆಗೆ ಹೊದ್ದು ಎದ್ದಳು. ಬೋಗುಣಿ ನಿನ್ನೆಯದೇ ಅರ್ಧ ತುಂಬಿದೆ, ಚೆಲ್ಲಿ ಬರುತ್ತೇನೆ ಎಂದಳು. ಗಂಡನ ರಾಜ್ಯಭಾರ ನೋಡುವ ಪುಣ್ಯವೂ ಇವಳಿಗಿಲ್ಲವಲ್ಲ ಎಂದುಕೊಂಡೆ. ಮೆಟ್ಟಿಲಿಗೆ ಹೋಗಲು ಸಿಂಹಾಸನದ ಮುಂದಿನಿಂದಲೇ ಹೋಗಬೇಕು. ಅವಳು ಅಲ್ಲಿಗೆ ಬಂದಾಗ ಮುರಿಗೆಪ್ಪ ಅವಳನ್ನು ನೋಡಿದ. ಅಂಥ ನೋಟವನ್ನು ನಾನು ಅವನ ಮುಖದ ಮೇಲೆ ಎಂದೂ ಕಂಡಿರಲಿಲ್ಲ. ಹುಬ್ಬು ಕೆಳಗಿಳಿದಿತ್ತು.

ನಾಗವ್ವ ನಿಂತಳು. ಅವಳೂ ವರ್ಷಗಟ್ಟಲೆ ಒಲೆಯ ಮುಂದೆ ಕೂತು ಅವನ ತಾಲೀಮು ಕೇಳಿದವಳು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದವಳು, ಚಾಳಿನವರೆಲ್ಲರ ಎದುರು ಗಟ್ಟಿಯಾಗಿ ಕೇಳಿದಳು.

"ತಾವು ದಾರು? ತಮ್ಮ ನಾಮ ಏನು? ಯಾವ ಪಟ್ಟಣದ ದೊರಿ?"

ಮುರಿಗೆಪ್ಪನಿಗೆ ಉಸಿರು ಬಂತು. ಹೆಂಗಸು ಸಾರಥಿಯಾಗುವುದುಂಟೇ ಎಂದು ಯಾರಾದರೂ ಅನ್ನುವ ಮುಂಚೆ ಅವನು ಶುರು ಮಾಡಿಬಿಟ್ಟ. ಎಲೈ ಸಾರಥಿಯೇ ಎಂದು ಕೈ ಎತ್ತಿ ಲೋಕಿರಾಜನ ಬಿರುದು ಬಾವಲಿಗಳನ್ನೆಲ್ಲ ಒದರಿದ. ರಾಜ್ಯವನ್ನು ಹೇಗೆ ಆಳುತ್ತೀರಿ ಎಂದು ಅವಳು ಕೇಳಿದಳು. ಅವನು ಹೇಳಿದ. ಪೊಲೀಸರ ಕಾನೂನಿಗೆ ಗಂಡಸರು ಬಿದ್ದು ಬಿದ್ದು ನಕ್ಕರು. ಅತ್ತೆ ಸೊಸೆಯರ ಕಾನೂನಿಗೆ ಹೆಂಗಸರ ಕಡೆಯಿಂದ ಚಪ್ಪಾಳೆ. ನಳದ ಕಾನೂನು ಎತ್ತಿದಾಗ ಯಾರೋ ತೆಂಗಿನ ಚಿಪ್ಪು ಎಸೆದರು, ಅವನು ಅದನ್ನು ಹಿಡಿದು ಕಪ್ಪಕಾಣಿಕೆ ಎಂದು ಸ್ವೀಕರಿಸಿದ. ಇಷ್ಟು ಚೆನ್ನಾಗಿ ಅವನು ಎಂದೂ ಆಡಿರಲಿಲ್ಲ. ಅವಳು ಒಂದೊಂದು ಪ್ರಶ್ನೆ ಕೇಳಿದಾಗಲೂ ಅವನು ಒಂದೊಂದು ಗೇಣು ಬೆಳೆದ. ಮಳೆಯಲ್ಲಿ ನೆನೆಯುತ್ತ ನಿಂತಿದ್ದ ಪರಪ್ಪನೂ ನಗುತ್ತಿದ್ದ.

ನಾಗವ್ವನ ಸೀರೆ ಒದ್ದೆಯಾಗಿ ಮೈಗೆ ಅಂಟಿತ್ತು. ಅವಳು ತಲೆಯೆತ್ತಿ ತಾಡಪತ್ರಿಯನ್ನು ನೋಡಿದಳು. ಕೊನೆಯ ಪ್ರಶ್ನೆ ಕೇಳಿದಾಗ ಅವಳ ದನಿ ಏರಲಿಲ್ಲ, ಆದರೆ ಮೂರನೇ ಗ್ಯಾಲರಿಯವರೆಗೂ ಕೇಳಿಸಿತು.

"ಮಹಾರಾಜರ ತಲಿ ಮ್ಯಾಲ ತಾಡಪತ್ರಿ ಐತಿ. ರಾಣೀ ತಲಿ ಮ್ಯಾಲ ಏನೈತ್ರಿ?"

ಜನ ನಗಲು ಬಾಯಿ ತೆರೆದವರು ಹಾಗೇ ನಿಂತರು. ಅವಳ ಖೋಲಿ ಸೋರುವುದು ಇಡೀ ಚಾಳಿಗೆ ಗೊತ್ತು. ಮುರಿಗೆಪ್ಪನ ಬಾಯಿಂದ ಏನೋ ಒಂದು ಚಟಾಕಿ ಬರುತ್ತದೆ ಎಂದು ಕಾದೆ. ಗಂಗೆಯ ಮಾತೋ, ದಸರೆಯ ನೆಂಟನ ಮಾತೋ. ಬರಲಿಲ್ಲ. ಅವನು ಅವಳನ್ನು ನೋಡಿದ, ಮೇಲೆ ನೋಡಿದ, ತಾನೇ ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ನೋಡಿದ. ಆ ಪ್ರಶ್ನೆ ಕೇಳಲು ನಿಲ್ಲದಿದ್ದರೆ ಅವಳು ನೆನೆಯದೆ ಹೋಗಿ ಬೋಗುಣಿ ಚೆಲ್ಲಿಕೊಂಡು ಬರಬಹುದಿತ್ತು. ಅವನನ್ನು ರಾಜನನ್ನಾಗಿ ಮಾಡಲು ನಿಂತು ನೆಂದಿದ್ದಳು. ಅದು ಅವನಿಗೆ ಆಗ ತಾಗಿತು. ಅವನ ಮುಖ ನೋಡಿ ನನಗದು ತಿಳಿಯಿತು.

ಅವನು ಸಿಂಹಾಸನದ ಮೇಲೆ ಹತ್ತಿ ನಿಂತ. ಇದು ಲೋಕಿರಾಜನ ಕೊನೆಯ ಕಾನೂನು, ರಾಜ ತೊಯ್ಯಬೇಕು, ರಾಣಿ ಬೆಚ್ಚಗಿರಬೇಕು ಎಂದ. ಕೈ ಎತ್ತಿ ತಾನೇ ಒಂದೊಂದಾಗಿ ಮೂಲೆಗಳ ಹಗ್ಗ ಬಿಚ್ಚಿದ. ಜನ ಇದೂ ಆಟವೇ ಎಂದುಕೊಂಡು ಹೋ ಎಂದರು. ತಾಡಪತ್ರಿ ಕಳಚಿ ಬಿದ್ದಾಗ ಮಳೆಯೆಲ್ಲ ಅವನ ಮೇಲೆ ಸುರಿಯಿತು. ಅರದಾಳ ಕರಗಿ ಹಳದಿ ನೀರಾಗಿ ಎದೆಯ ಮೇಲೆ ಇಳಿಯಿತು. ತಾಡಪತ್ರಿಯನ್ನು ಹೆಗಲ ಮೇಲೆ ಹೊತ್ತುಕೊಂಡು, ಕಿರೀಟದ ಸಮೇತ, ಅವನು ಮೆಟ್ಟಿಲ ಕಡೆ ಹೊರಟ. ಮಳೆನೀರು ಕೂತು ಭಾರವಾಗಿತ್ತು, ಒಬ್ಬನೇ ಮೂರು ಮಾಳಿಗೆ ಹತ್ತಿಸುವಂಥದಲ್ಲ. ಹಿಂದಿನ ತುದಿಯನ್ನು ಪರಪ್ಪ ಎತ್ತಿಕೊಂಡ.

ಮೂರನೇ ಮಾಳಿಗೆಯ ಗ್ಯಾಲರಿಯಿಂದ ಇಬ್ಬರೂ ಸೂರಿಗೆ ಹತ್ತಿದರು. ಹಂಚು ಒಡೆಯುತ್ತದೆ ಎಂದು ಯಾರೂ ಅನ್ನಲಿಲ್ಲ. ಮಳೆಯಲ್ಲಿ ಕಣ್ಣು ಬಿಡಲಾರದೆ ಪರಪ್ಪ ಆ ಕಡೆಯಿಂದ ಕೂಗಿದ್ದು ಕೆಳಗಿನವರೆಗೂ ಕೇಳಿಸಿತು.

"ಮುರಿಗ್ಯಾ, ಈ ತುದಿ ಎಲ್ಲಿ ಕಟ್ಟಲೋ?"

ಸಾರಥಿಯಾಗಿ ಅವನು ಕೇಳಿದ ಮೊದಲ ಪ್ರಶ್ನೆ ಅದು. ರಾಜ ಉತ್ತರ ಕೊಟ್ಟ, ಗಂಟು ಬಿತ್ತು, ಆಟ ಮುಗಿಯಿತು. ಮಂಗಳ ಹಾಡುವವರು ಎಲ್ಲಿ ನಿಂತು ಹಾಡಬೇಕೆಂದು ತಿಳಿಯದೆ ಮೆಟ್ಟಿಲ ಕೆಳಗೆ ನಿಂತು ಹಾಡಿದರು. ಆರತಿ ತಟ್ಟೆ ಹಿಡಿದ ಹೆಂಗಸರು ಮೂರು ಮಾಳಿಗೆ ಹತ್ತಿ ಬಂದರು. ಒದ್ದೆ ಕೋಳಿಯಂತೆ ನಡುಗುತ್ತ ಇಳಿದು ಬಂದ ಲೋಕಿರಾಜನಿಗೆ ಗ್ಯಾಲರಿಯಲ್ಲೇ ಆರತಿ ಎತ್ತಿದರು. ಅವನು ಪಕ್ಕಕ್ಕೆ ಸರಿದು, ನಾಗವ್ವನ ಕೈ ಹಿಡಿದು ತನ್ನ ಜೊತೆ ನಿಲ್ಲಿಸಿಕೊಂಡ. ಅವಳಿಗೆ ನಾಚಿಕೆಯಾಗಿ ಸೆರಗು ಅಡ್ಡ ಹಿಡಿದಳು. ಈ ಸಲ ಅವಳು ನಕ್ಕದ್ದು ನನಗೆ ಕಂಡಿತು.

ಮುಂದಿನ ವರ್ಷ ಪರಪ್ಪನೇ ರಾಜ, ಮುರಿಗೆಪ್ಪನೇ ಸಾರಥಿ. ತನಗೆ ಮತ್ತೆ ಕಿರೀಟದ ಆಸೆಯಾಗಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಅದು ಸುಳ್ಳು ಎಂದು ಡಂಗುರ ಸಾರಬೇಕಿತ್ತು. ಆಮೇಲೆ ನಾವು ಮಲಾಡಿಗೆ ಮನೆ ಬದಲಿಸಿದೆವು. ಅಲ್ಲಿ ಸೂರು ಗಟ್ಟಿ, ನಳ ಮನೆಯೊಳಗೇ, ಮೇಲಿನ ಮನೆಯಿಂದ ಒಂದು ಸದ್ದಿಲ್ಲ. ಮೊದಮೊದಲು ಮಳೆ ಬಂದಾಗ ನಾನು ಸುಮ್ಮನೆ ಕಿವಿಗೊಟ್ಟು ಕೂರುತ್ತಿದ್ದೆ.

ಆದರೆ ಆ ಭಾನುವಾರದ ಮರುದಿನದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಮಳೆ ಇನ್ನೂ ಜೋರಾಗಿಯೇ ಹೊಡೆಯುತ್ತಿತ್ತು. ಮೇಲಿನಿಂದ ಹನಿಯ ಸದ್ದಿಲ್ಲ. ಏನೋ ಕಳೆದುಕೊಂಡ ಹಾಗಾಗಿ ನಾನು ಮೆಟ್ಟಿಲು ಹತ್ತಿ ಹೋಗಿ ನೋಡಿದೆ. ಮುರಿಗೆಪ್ಪ ಕಂಬಳಿ ಹೊದ್ದು ಸೀನುತ್ತ ಕೂತಿದ್ದ. ನಾಗವ್ವ ಒಲೆಯ ಮುಂದೆ ಕೂತು ಆ ಹಿತ್ತಾಳೆಯ ಬೋಗುಣಿಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ನೆಲದ ಮೇಲೆ ಒಂದು ಚಿಟಿಕೆ ಹಿಟ್ಟೂ ಬಿದ್ದಿರಲಿಲ್ಲ. ಬರ್ರಿ ಅಕ್ಕಾರ, ರೊಟ್ಟಿ ತಿಂದು ಹೋಗ್ರಿ ಎಂದು ಅವಳು ಮಣೆ ಹಾಕಿದಳು.